ತಪ್ಪು ಆಯ್ಕೆಗಳನ್ನೇ ಓದಿ ಜಿಕೆ ಕಟ್ಟಿಕೊಂಡ ಬಗೆ

ಧಾರವಾಡದ ಸಪ್ತಾಪುರದಲ್ಲಿ ಜಿಕೆ, ಅಂದರೆ ಸಾಮಾನ್ಯ ಜ್ಞಾನದ ನೋಟ್ಸ್‌ಗೆ ಬರವಿಲ್ಲ. ಸರ್ಕಾರಿ ನೌಕರಿಯ ಪರೀಕ್ಷೆಗಳಲ್ಲಿ ಕೆಎಎಸ್‌ಗೆ ಬೇರೆ, ಪಿಎಸ್‌ಐಗೆ ಬೇರೆ, ಎಫ್‌ಡಿಎ-ಎಸ್‌ಡಿಎಗೆ ಬೇರೆ ಅಂತ ಝೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿ ಸಾಲಾಗಿ ಇಟ್ಟಿರುತ್ತಾರೆ. ಓದಲು ಸಾಮಗ್ರಿ ಸಿಗಲಿಲ್ಲ ಅಂತ ಜಿಕೆಯಲ್ಲಿ ಹಿಂದೆ ಬಿದ್ದವರನ್ನು ನಾನು ಕಂಡಿಲ್ಲ. ನಾನು ಹಿಡಿದ ಕ್ರಮ ಇಷ್ಟೇ: ಹಳೆಯ ಪ್ರಶ್ನೆಪತ್ರಿಕೆಗಳನ್ನೇ ಪಠ್ಯಪುಸ್ತಕ ಮಾಡಿಕೊಂಡು, ಸರಿ ಉತ್ತರಕ್ಕಿಂತ ಉಳಿದ ಮೂರು ತಪ್ಪು ಆಯ್ಕೆಗಳ ಮೇಲೆ ಹೆಚ್ಚು ಹೊತ್ತು ಕೂಡುವುದು. ಪ್ರಶ್ನೆ ತೆಗೆಯುವವರೂ ಅದೇ ಪಠ್ಯದ ಅದೇ ಪುಟದಿಂದ ನಾಲ್ಕು ಹೆಸರು ಎತ್ತುತ್ತಾರೆ. ಈ ಸಲ ತಪ್ಪು ಆಯ್ಕೆಯಾಗಿ ಕೂತದ್ದು ಇನ್ನೊಂದು ಪತ್ರಿಕೆಯಲ್ಲಿ ಪ್ರಶ್ನೆಯಾಗಿ ಎದುರಾಗುತ್ತದೆ.

ಬೇಕಾಗುವುದು ಕಡಿಮೆ. ಕೆಪಿಎಸ್‌ಸಿ (ರಾಜ್ಯ ಲೋಕಸೇವಾ ಆಯೋಗ), ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪರೀಕ್ಷೆಗಳ ಕಳೆದ ಎಂಟು-ಹತ್ತು ವರ್ಷದ ಪತ್ರಿಕೆಗಳು, ಅವುಗಳ ಕೀ ಉತ್ತರ, 6ರಿಂದ 10ನೇ ತರಗತಿಯ ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನ ಮತ್ತು ವಿಜ್ಞಾನ ಪುಸ್ತಕ, ಒಂದು ಅಟ್ಲಾಸ್, 200 ಪುಟದ ಲಾಂಗ್‌ಬುಕ್ ಎರಡು, ಪೆನ್ನು, ಪೆನ್ಸಿಲ್. ಕೀ ಉತ್ತರ ಇಳಿಸಿಕೊಳ್ಳುವಾಗ ಅದು ತಾತ್ಕಾಲಿಕವೋ, ಆಕ್ಷೇಪಣೆ ಮುಗಿದ ಮೇಲಿನ ಅಂತಿಮ ಕೀಯೋ ಎಂದು ನೋಡಲೇಬೇಕು. ಬಿಡಿಸಿದ ಪತ್ರಿಕೆಗಳ ಪುಸ್ತಕಗಳಲ್ಲಿ ಎಷ್ಟೋ ಸಲ ತಾತ್ಕಾಲಿಕ ಕೀಯೇ ಹಾಗೇ ಅಚ್ಚಾಗಿರುತ್ತದೆ. ಆಮೇಲೆ ಬದಲಾದ ಉತ್ತರ, ಕೃಪಾಂಕ ಕೊಟ್ಟು ಕೈಬಿಟ್ಟ ಪ್ರಶ್ನೆ ಅದರಲ್ಲಿ ಕಾಣುವುದಿಲ್ಲ. ಓದಿದವರು ತಪ್ಪನ್ನೇ ಬಾಯಿಪಾಠ ಮಾಡುತ್ತಾರೆ.

ಒಂದು ಸಲ ಕೂತರೆ 25 ಪ್ರಶ್ನೆ, 20 ನಿಮಿಷ. ಮೊಬೈಲ್ ಬೇರೆ ಕೋಣೆಯಲ್ಲಿ. ಉತ್ತರ ಬರೆಯುವಾಗಲೇ ಅದರ ಪಕ್ಕ ಒಂದು ಅಂಕಿ ಹಾಕಬೇಕು: ಖಾತ್ರಿ ಇದ್ದರೆ 1, ಎರಡು ಆಯ್ಕೆ ಹೊಡೆದುಹಾಕಿ ಉಳಿದ ಎರಡರಲ್ಲಿ ಒಂದನ್ನು ಆರಿಸಿದ್ದರೆ 2, ಗಾಳಿಯಲ್ಲಿ ಗುಂಡು ಹೊಡೆದಿದ್ದರೆ 3. ಕೀ ನೋಡಿ ಅಂಕ ಹಾಕುವಾಗ ಮೂರು ಗುಂಪನ್ನೂ ಬೇರೆ ಬೇರೆ ಎಣಿಸಬೇಕು. 25ಕ್ಕೆ 15 ಬಂತು ಎನ್ನುವ ಒಟ್ಟು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. 1ನೇ ಗುಂಪಿನಲ್ಲಿ ಹತ್ತಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಾದರೆ ಅದೇ ದೊಡ್ಡ ಅಪಾಯ. ಅಲ್ಲಿ ಗೊತ್ತಿಲ್ಲ ಎನ್ನುವ ತೊಂದರೆಯೇ ಇಲ್ಲ, ತಪ್ಪಾಗಿ ಗೊತ್ತಿದೆ. ಅಂಥವನ್ನು ಮೊದಲು ತಿದ್ದಬೇಕು, ಹೊಸದು ಓದುವುದು ಆಮೇಲೆ.

ಈ ಮೂರು ಅಂಕಿಗಳಿಗೆ ಇನ್ನೊಂದು ಉಪಯೋಗವಿದೆ. ತಪ್ಪಿಗೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ ಏನೂ ಗೊತ್ತಿಲ್ಲದ 100 ಪ್ರಶ್ನೆಗೆ ಕುರುಡಾಗಿ ಹೊಡೆದರೆ ಸರಾಸರಿ 25 ಸರಿ, 75 ತಪ್ಪು. ಕಳೆಯುವುದು 18.75, ಉಳಿಯುವುದು 6.25. ಲಾಭವೂ ಅಷ್ಟಕ್ಕಷ್ಟೇ, ನಷ್ಟವೂ ಅಷ್ಟಕ್ಕಷ್ಟೇ. ಆ ದಿನದ ಅದೃಷ್ಟ. ಎರಡು ಆಯ್ಕೆ ಹೊಡೆದುಹಾಕಿದ 20 ಪ್ರಶ್ನೆಯಲ್ಲಿ 10 ಸರಿ, 10 ತಪ್ಪು ಅಂದರೂ 2.5 ಕಳೆದು 7.5 ಕೈಗೆ ಬರುತ್ತದೆ. ಆದ್ದರಿಂದ 2ನೇ ಗುಂಪನ್ನು ಬಿಡುವವರು ಕೈಯಾರೆ ಅಂಕ ಬಿಟ್ಟು ಬರುತ್ತಾರೆ. ರೈಲ್ವೆಯ ಎನ್‌ಟಿಪಿಸಿ (ತಾಂತ್ರಿಕೇತರ ಹುದ್ದೆಗಳ ನೇಮಕಾತಿ) ಅಂಥ ಪರೀಕ್ಷೆಯಲ್ಲಿ ಕಳೆಯುವುದು ಮೂರನೇ ಒಂದು ಭಾಗ. ಅಲ್ಲಿ ಕುರುಡು ಊಹೆಯ ಲೆಕ್ಕ ಸೊನ್ನೆಗೆ ಬರುತ್ತದೆ, ಎರಡು ಹೊಡೆದುಹಾಕಿದ 20ಕ್ಕೆ ಆರೂಮುಕ್ಕಾಲರ ಹತ್ತಿರ ಉಳಿಯುತ್ತದೆ. ಅಭ್ಯಾಸದಲ್ಲಿ ನಿಮ್ಮ 2ನೇ ಗುಂಪು ಅರ್ಧಕ್ಕಿಂತ ಕೆಳಗೆ ಸರಿಯಾಗುತ್ತಿದ್ದರೆ ಮಾತ್ರ ಎಚ್ಚರ. ಹೊಡೆದುಹಾಕುವಾಗ ಸರಿ ಉತ್ತರವನ್ನೇ ಹೊಡೆದುಹಾಕುತ್ತಿದ್ದೀರಿ ಎಂದರ್ಥ.

ಇನ್ನು ಮುಖ್ಯ ಕೆಲಸ, ಆಯ್ಕೆ ಬಿಡಿಸುವುದು. ಎಲ್ಲರೂ ಕೈಬಿಡುವುದು ಇಲ್ಲಿಯೇ, ಯಾಕೆಂದರೆ 20 ನಿಮಿಷದ ಪರೀಕ್ಷೆಗೆ ಇದು ಒಂದೂವರೆ ತಾಸು ತಿನ್ನುತ್ತದೆ. ಗದಗ ಜಿಲ್ಲೆಯಲ್ಲಿರುವ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ) ಯಾವುದು ಅಂತ ಕೇಳಿ ರಂಗನತಿಟ್ಟು, ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ ಅಂತ ನಾಲ್ಕು ಕೊಟ್ಟರು ಅನ್ನಿ. ಉತ್ತರ ಮಾಗಡಿ ಕೆರೆ, ಮುಂದಿನದಕ್ಕೆ ಹೋಗೋಣ ಅಂದರೆ ಕಾಲುಭಾಗ ಮಾತ್ರ ಓದಿದಂತೆ. ನಾಲ್ಕೂ ರಾಮ್ಸಾರ್ ತಾಣಗಳೇ. ಲಾಂಗ್‌ಬುಕ್ಕಿನ ಎಡಪುಟದಲ್ಲಿ ಪ್ರಶ್ನೆ, ಬಲಪುಟದಲ್ಲಿ ನಾಲ್ಕು ಸಾಲು. ರಂಗನತಿಟ್ಟು: ಮಂಡ್ಯ ಜಿಲ್ಲೆ, ಕಾವೇರಿ, 2022, ರಾಜ್ಯದ ಮೊದಲನೆಯದು. ಅಂಕಸಮುದ್ರ: ವಿಜಯನಗರ ಜಿಲ್ಲೆ, 2024. ಅಘನಾಶಿನಿ: ಉತ್ತರ ಕನ್ನಡ, ನದಿ ಅರಬ್ಬಿ ಸಮುದ್ರ ಸೇರುವ ಅಳಿವೆ, 2024. ಮಾಗಡಿ ಕೆರೆ: ಶಿರಹಟ್ಟಿ ತಾಲೂಕು, ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತು ಬರುತ್ತವೆ, 2024. ಕೆಳಗೆ ಒಂದು ಸಾಲು: ಒಪ್ಪಂದ ಆದದ್ದು ಇರಾನಿನ ರಾಮ್ಸಾರ್‌ನಲ್ಲಿ, 1971, ಫೆಬ್ರುವರಿ 2 ವಿಶ್ವ ಜೌಗುಭೂಮಿ ದಿನ. ಬೆಂಗಳೂರು ಕಡೆಯ ಮಾಗಡಿ ಊರಿಗೂ ಈ ಕೆರೆಗೂ ಸಂಬಂಧವಿಲ್ಲ ಎಂದು ಪಕ್ಕಕ್ಕೆ ಗೀಚಿಕೊಳ್ಳಿ. ಜಿಲ್ಲೆ ಕೇಳಿದಾಗ ಅಲ್ಲೇ ಜನ ಜಾರುವುದು.

ಆಯ್ಕೆಗೆ ಒಂದೇ ಸಾಲು, ಎರಡನೆಯದು ಬೇಡ. ಈ ಲಗಾಮು ಇಲ್ಲದಿದ್ದರೆ ಹೆಬ್ಬಾತಿನ ಬೆನ್ನು ಹತ್ತಿ ಯೂಟ್ಯೂಬಿಗೆ ಹೋದವರು ಸಂಜೆಗೆ ಬರುತ್ತಾರೆ. ಆಯ್ಕೆಗಳು ಬರೀ ಸಂಖ್ಯೆಗಳಾಗಿದ್ದರೂ ಬಿಡಬಾರದು. 61, 73, 86, 104 ಅಂತ ನಾಲ್ಕು ತಿದ್ದುಪಡಿ ಕೊಟ್ಟಿದ್ದರೆ: ಮತದಾನದ ವಯಸ್ಸು 21ರಿಂದ 18ಕ್ಕೆ, ಪಂಚಾಯಿತಿ, ಶಿಕ್ಷಣ ಹಕ್ಕಿನ 21ಎ ವಿಧಿ ಮತ್ತು ಹನ್ನೊಂದನೇ ಮೂಲಭೂತ ಕರ್ತವ್ಯ, ಲೋಕಸಭೆ, ವಿಧಾನಸಭೆಗಳಲ್ಲಿ ಆಂಗ್ಲೋ-ಇಂಡಿಯನ್ ನಾಮನಿರ್ದೇಶನ ನಿಂತದ್ದು. ಹತ್ತು ಪತ್ರಿಕೆ ಹೀಗೆ ಬಿಡಿಸಿದ ಮೇಲೆ ಅದೇ ಹೆಸರುಗಳು ತಿರುಗಿ ತಿರುಗಿ ಬರುವುದು ತಾನೇ ಕಾಣುತ್ತದೆ, ಬರೆಯುವ ಸಾಲುಗಳೂ ಕಡಿಮೆಯಾಗುತ್ತವೆ.

ಬರೆಯುವಾಗ ಪೆನ್ನು ಯಾವುದಕ್ಕೆ, ಪೆನ್ಸಿಲ್ ಯಾವುದಕ್ಕೆ ಎನ್ನುವ ನಿಯಮ ಇಟ್ಟುಕೊಂಡಿದ್ದೆ. ಬದಲಾಗದ್ದಕ್ಕೆ ಪೆನ್ನು. ಬದಲಾಗಬಹುದಾದ್ದಕ್ಕೆ ಪೆನ್ಸಿಲ್, ಜೊತೆಗೆ ಬರೆದ ತಿಂಗಳು-ವರ್ಷ. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಎಲ್ಲಿದೆ ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ಖರಗ್‌ಪುರ, 1072 ಮೀಟರ್ ಅಂತ ಉತ್ತರವಿತ್ತು. ಆಮೇಲೆ ಗೋರಖ್‌ಪುರ, 1366 ಮೀಟರ್. 2023ರ ಮಾರ್ಚ್‌ನಿಂದ ನಮ್ಮ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ, 1507 ಮೀಟರ್. ಹುಬ್ಬಳ್ಳಿಯಲ್ಲೇ ರೈಲು ಇಳಿದು ಬಂದು ಗೋರಖ್‌ಪುರ ಅಂತ ಗುರುತು ಹಾಕುವವರು ಇದ್ದಾರೆ, ಹಳೆಯ ಪುಸ್ತಕದ ಕೃಪೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿ, 2003: ಇದು ಪೆನ್ನಿಗೆ ಸೇರಿದ್ದು.

ಪೆನ್ಸಿಲ್ ಪಟ್ಟಿಗೆ ಸೇರುವ ಇನ್ನಷ್ಟು: ರಾಜ್ಯದ ಜಿಲ್ಲೆಗಳು 31, ಕೇಂದ್ರಾಡಳಿತ ಪ್ರದೇಶ 8, ಶಾಸ್ತ್ರೀಯ ಭಾಷೆಗಳು 2024ರ ಅಕ್ಟೋಬರ್‌ನಲ್ಲಿ 6ರಿಂದ 11ಕ್ಕೆ ಏರಿದ್ದು. ಯೋಜನೆಗಳು ಪೂರ್ತಿ ಪೆನ್ಸಿಲ್. ಅನ್ನಭಾಗ್ಯದಲ್ಲಿ ಹೆಚ್ಚುವರಿ ಅಕ್ಕಿಯ ಬದಲು ಹಣ ಕೊಟ್ಟದ್ದು, ಮತ್ತೆ ಅಕ್ಕಿಗೆ ಮರಳಿದ್ದು ಎರಡೂ ನಡೆದಿವೆ. ಯೋಜನೆ ಶುರುವಾದ ದಿನ ಮಾತ್ರ ಪೆನ್ನಿಗೆ: ಶಕ್ತಿ 2023ರ ಜೂನ್ 11, ಗೃಹಲಕ್ಷ್ಮಿ 2023ರ ಆಗಸ್ಟ್ 30, ಯುವನಿಧಿ 2024ರ ಜನವರಿ 12. ಪೊಲೀಸ್ ಪರೀಕ್ಷೆಗೆ ಕೂಡುವವರು ದಂಡ ಸಂಹಿತೆಯ ಹಳೆಯ ನೋಟ್ಸ್ ಪಕ್ಕಕ್ಕಿಡಬೇಕು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಕೊಲೆಗೆ ಶಿಕ್ಷೆ 302ರಿಂದ 103ಕ್ಕೆ ಹೋಗಿದೆ, ವಂಚನೆಯ 420 ಈಗ 318. ಹಳೆಯ ಸಂಖ್ಯೆ ಆಯ್ಕೆಯಲ್ಲಿ ಇದ್ದೇ ಇರುತ್ತದೆ, ಕೈ ಅತ್ತಲೇ ಓಡುತ್ತದೆ.

ನಮ್ಮ ಭಾಗದವರಿಗೆ ಜಿಲ್ಲೆಯ ಗೊಂದಲ ಇನ್ನೊಂದು. 1997ರಲ್ಲಿ ಧಾರವಾಡ ಒಡೆದು ಗದಗ, ಹಾವೇರಿ ಆದವು. ಹಳೆಯ ಇತಿಹಾಸ ಪುಸ್ತಕಗಳಲ್ಲಿ ನರಗುಂದ, ಲಕ್ಕುಂಡಿ, ಕನಕದಾಸರ ಬಾಡ, ಸರ್ವಜ್ಞನ ಅಬಲೂರು ಎಲ್ಲವೂ ಧಾರವಾಡ ಜಿಲ್ಲೆಯೇ. ಈಗ ಮೊದಲೆರಡು ಗದಗಕ್ಕೆ, ಕೊನೆಯೆರಡು ಹಾವೇರಿಗೆ. ಸಹಕಾರದ ಪ್ರಶ್ನೆಯಲ್ಲಿ ಬರುವ, 1905ರಲ್ಲಿ ಸಹಕಾರ ಸಂಘ ಶುರುವಾದ ಕಣಗಿನಹಾಳವೂ ಗದಗ ಜಿಲ್ಲೆಯದು. ಜಿಲ್ಲೆಯ ಹೆಸರು ಕಂಡಲ್ಲೆಲ್ಲ ಪುಸ್ತಕ ಯಾವ ವರ್ಷದ್ದು ಅಂತ ಒಮ್ಮೆ ತಿರುಗಿಸಿ ನೋಡಬೇಕು.

ಒಂದು ಸಾಲಿನ ಪ್ರಶ್ನೋತ್ತರ ಪುಸ್ತಕಗಳು ನೇರ ಪ್ರಶ್ನೆಗೆ ಸಾಕು, ಕೊಟ್ಟ ಹೇಳಿಕೆ ಸರಿಯೋ ತಪ್ಪೋ ಎಂದು ಕೇಳುವ ಹೇಳಿಕೆ ಪ್ರಶ್ನೆಗೆ ಸಾಲುವುದಿಲ್ಲ. ಹೇಳಿಕೆಯಲ್ಲಿ ಸಾಮಾನ್ಯವಾಗಿ ಒಂದೇ ಪದವನ್ನು ತಿರುಚಿರುತ್ತಾರೆ. ಅದಕ್ಕೆ ಮದ್ದು, ನಾವೇ ತಿರುಚುವುದು. ರೂಮಿನಲ್ಲಿ ಇಬ್ಬರು-ಮೂವರು ಇದ್ದರೆ ಒಬ್ಬರು ಲಾಂಗ್‌ಬುಕ್ಕಿನ ಒಂದು ಸಾಲಿನಲ್ಲಿ ಒಂದು ಪದ ಬದಲಿಸಿ ಓದಬೇಕು, ಉಳಿದವರು ಯಾವ ಪದ ಅಂತ ಹಿಡಿಯಬೇಕು. 'ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ, ಪಂಚಾಯಿತಿ ಚುನಾವಣೆಯನ್ನು ಭಾರತ ಚುನಾವಣಾ ಆಯೋಗ ನಡೆಸುತ್ತದೆ': ಮೊದಲರ್ಧ ಸರಿ, ಎರಡನೆಯದು ಸುಳ್ಳು, 243ಕೆ ಪ್ರಕಾರ ರಾಜ್ಯ ಚುನಾವಣಾ ಆಯೋಗ. 'ಆಸ್ತಿ ಹಕ್ಕನ್ನು ಮೂಲಭೂತ ಹಕ್ಕಿನಿಂದ ತೆಗೆದದ್ದು 42ನೇ ತಿದ್ದುಪಡಿ': 44ನೆಯದು, 1978. ಅರ್ಧ ತಾಸಿನಲ್ಲಿ 40 ಸಾಲು ಮುಗಿಯುತ್ತವೆ. ಪದ ತಿರುಚುವವನಿಗೇ ಹೆಚ್ಚು ಲಾಭ, ಎಲ್ಲಿ ತಿರುಚಿದರೆ ಜನ ಬೀಳುತ್ತಾರೆ ಎಂದು ಅವನು ಯೋಚಿಸಬೇಕಲ್ಲ.

ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ನಾಲ್ಕು ಜೋಡಿಯೂ ಗೊತ್ತಿರಬೇಕಿಲ್ಲ. ಕಿತ್ತೂರು-1824, ಹಲಗಲಿ ಬೇಡರು-1857, ನರಗುಂದದ ಬಾಬಾಸಾಹೇಬ-1858, ಬೆಳಗಾವಿ ಕಾಂಗ್ರೆಸ್ ಅಧಿವೇಶನ-1924 ಇದ್ದರೆ ಅತ್ಯಂತ ಖಾತ್ರಿ ಇರುವ ಒಂದನ್ನು ಹಿಡಿದು ಆಯ್ಕೆಗಳನ್ನು ಹೊಡೆಯಿರಿ. ಹೆಚ್ಚಿನ ಸಲ ಎರಡು ಜೋಡಿಗೆ ಉತ್ತರ ಒಂದೇ ಉಳಿಯುತ್ತದೆ.

ಭೂಗೋಳವನ್ನು ಪಟ್ಟಿ ಮಾಡಿ ಓದಿದರೆ ವಾರದಲ್ಲಿ ಮರೆತುಹೋಗುತ್ತದೆ. ಖಾಲಿ ನಕ್ಷೆಯ ಮೇಲೆ ನದಿ ಎಳೆಯುವುದೇ ದಾರಿ, ಅದೂ ಕಾಲ ಕೆಳಗಿನ ನೆಲದಿಂದ ಶುರು ಮಾಡಿ. ಧಾರವಾಡ ಜಲವಿಭಜಕದ ಮೇಲೆ ಕೂತ ಊರು. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯ ನೀರು ಬೇಡ್ತಿ-ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ. ಪೂರ್ವದ ಬೆಣ್ಣಿಹಳ್ಳದ ನೀರು ಮಲಪ್ರಭೆ ಸೇರಿ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಅಲ್ಲಿಂದ ಮಲಪ್ರಭೆ ಎಳೆಯಿರಿ: ಕಣಕುಂಬಿಯಲ್ಲಿ ಹುಟ್ಟು, ನವಿಲುತೀರ್ಥದಲ್ಲಿ ಅಣೆಕಟ್ಟು, ಕೂಡಲಸಂಗಮದಲ್ಲಿ ಕೃಷ್ಣೆಗೆ. ಕೆಳಗೆ ಹಾವೇರಿ ಕಡೆ ವರದಾ, ಗಳಗನಾಥದಲ್ಲಿ ತುಂಗಭದ್ರೆಗೆ. ಹುಟ್ಟು, ಅಣೆಕಟ್ಟು, ಸಂಗಮ, ಸಮುದ್ರ, ಈ ನಾಲ್ಕು ಗುರುತು ಪ್ರತಿ ನದಿಗೆ. ಪ್ರಶ್ನೆಗಳು ಇವುಗಳ ಹೊರಗೆ ಅಪರೂಪ.

ಪ್ರಚಲಿತ ವಿದ್ಯಮಾನಕ್ಕೆ ದಿನಕ್ಕೆ 25 ನಿಮಿಷ, ಒಂದೇ ದಿನಪತ್ರಿಕೆ, ಪರೀಕ್ಷೆಗೆ ಹಿಂದಿನ 12 ತಿಂಗಳು. ತಿಂಗಳಿಗೆ ಒಂದು ಹಾಳೆ, ಎರಡೂ ಬದಿ ಸೇರಿ 60 ಸಾಲು, ಅದಕ್ಕಿಂತ ಹೆಚ್ಚು ಬರೆದದ್ದನ್ನು ಯಾರೂ ತಿರುಗಿ ಓದುವುದಿಲ್ಲ. ರಾಜಕೀಯ ಹೇಳಿಕೆ, ಅಪಘಾತ, ಹವಾಮಾನ ಬಿಟ್ಟುಬಿಡಿ. ಪ್ರಶಸ್ತಿ ಬರೆದರೆ ಅದರ ಜೊತೆಯದ್ದೂ ಬರೆಯಿರಿ: 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಬಂದದ್ದು ಅಂತರರಾಷ್ಟ್ರೀಯ ಬೂಕರ್, ಬೂಕರ್ ಬೇರೆಯೇ ಪ್ರಶಸ್ತಿ, ಅನುವಾದಕಿ ದೀಪಾ ಭಾಸ್ತಿ, ಹಣ ಇಬ್ಬರಿಗೂ ಸಮ. ಜ್ಞಾನಪೀಠದಲ್ಲಿ ಯಾವ ವರ್ಷದ ಪ್ರಶಸ್ತಿ, ಯಾವ ವರ್ಷ ಘೋಷಣೆ ಎಂಬುದು ಬೇರೆ: ಕಂಬಾರರದು 2010ರದ್ದು, ಘೋಷಣೆಯಾದದ್ದು 2011ರಲ್ಲಿ. ಬಿಡಿಸಿದ ಪುಸ್ತಕಗಳು ಒಂದೊಂದು ಒಂದೊಂದು ಹಾಕಿರಲು ಇದೇ ಕಾರಣ.

ಪುನರಾವರ್ತನೆ ಮರುದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ. ಬಲಪುಟವನ್ನು ರಟ್ಟಿನಿಂದ ಮುಚ್ಚಿ, ಎಡಪುಟ ನೋಡಿ, ಬಾಯಿಬಿಟ್ಟು ಹೇಳಬೇಕು. ಸುಮ್ಮನೆ ಕಣ್ಣಾಡಿಸಿದರೆ ಎಲ್ಲವೂ ಬಂದಂತೆಯೇ ಅನಿಸುತ್ತದೆ. ಎರಡು ಸಲ ತಪ್ಪಿದ ಸಾಲಿಗೆ ಅಂಚಿನಲ್ಲಿ ಕೆಂಪು ಚುಕ್ಕೆ. ಕೊನೆಯ ವಾರ ಓದುವುದು ಚುಕ್ಕೆಗಳನ್ನು ಮತ್ತು ಪೆನ್ಸಿಲ್ ಸಾಲುಗಳನ್ನು ಮಾತ್ರ.

ಕೊನೆಯ ತಿಂಗಳು ವಾರಕ್ಕೆ ಎರಡು ಪೂರ್ತಿ ಪತ್ರಿಕೆ, ನಿಜವಾದ ಓಎಂಆರ್ ಹಾಳೆಯ (ಉತ್ತರಕ್ಕೆ ವೃತ್ತ ತುಂಬುವ ಹಾಳೆ) ಮೇಲೆ. ಒಂದು ವೃತ್ತ ತುಂಬಲು 6-7 ಸೆಕೆಂಡ್ ಹಿಡಿದರೂ 100ಕ್ಕೆ 10-12 ನಿಮಿಷ, 90 ನಿಮಿಷದಲ್ಲಿ ಇದನ್ನು ಲೆಕ್ಕ ಹಿಡಿಯದವರು ಕೊನೆಗೆ ಹದಿನೈದು ಪ್ರಶ್ನೆ ಓದದೇ ಬಿಡುತ್ತಾರೆ. ಪೂರ್ತಿ ಬಿಡಿಸಿ ಆಮೇಲೆ ಒಟ್ಟಿಗೆ ತುಂಬುವುದು ಬೇಡ. ಪುಟ ಮುಗಿದ ಹಾಗೆ ಆ ಪುಟದ್ದನ್ನು ತುಂಬಿದರೆ, ಬಿಟ್ಟ ಪ್ರಶ್ನೆಯಿಂದ ಸಾಲು ಜಾರಿದ್ದರೂ ಅಲ್ಲೇ ಗೊತ್ತಾಗುತ್ತದೆ. ಮೊದಲ ಸುತ್ತಿನಲ್ಲಿ 1ನೇ ಗುಂಪು, ಎರಡನೇ ಸುತ್ತಿನಲ್ಲಿ 2ನೆಯದು. ಗೊಂದಲದ ಅನುವಾದ ಕಂಡರೆ ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲೂ ಓದಿ. ಇತ್ತೀಚಿನ ಕೆಲವು ಪರೀಕ್ಷೆಗಳ ಓಎಂಆರ್‌ನಲ್ಲಿ ಉತ್ತರಿಸಲು ಇಷ್ಟವಿಲ್ಲದವರಿಗೆ ಐದನೇ ವೃತ್ತವಿದೆ. ಅದಿದ್ದರೆ ಕೊನೆಯ ಐದು ನಿಮಿಷ ಅದಕ್ಕೇ ಮೀಸಲು. ಏನನ್ನೂ ತುಂಬದೆ ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಪ್ರಶ್ನೆಪತ್ರಿಕೆಯ ಮುಖಪುಟದ ಸೂಚನೆಯಲ್ಲಿ ಗಂಟೆ ಹೊಡೆಯುವ ಮೊದಲೇ ಓದಿಕೊಳ್ಳಬೇಕು.