ಆಫೀಸಿನ ಬ್ರೌಸರ್‌ಗೆ ಬೀಗ ಹಾಕುವುದು ಹೇಗೆ?

ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವರು ನೀವಾದರೆ, ಅಲ್ಲಿ ಯಾರದಾದರೂ ಕ್ರೋಮ್ ತೆರೆಯಿರಿ. ಬಲಗಡೆ ಮೇಲೆ ಪಜಲ್ ತುಂಡಿನಂಥ ಒಂದು ಗುರುತು ಇರುತ್ತದೆ, ಅದನ್ನು ಒತ್ತಿ. ಪಿಡಿಎಫ್ ಜೋಡಿಸುವುದು, ಸ್ಕ್ರೀನ್‌ಶಾಟ್ ತೆಗೆಯುವುದು, ಕೂಪನ್ ಹುಡುಕುವುದು ಅಂತ ಉದ್ದ ಪಟ್ಟಿ ಬಂದರೆ ಆಶ್ಚರ್ಯವಿಲ್ಲ. ಯಾವಾಗ ಹಾಕಿಕೊಂಡದ್ದು ಅಂತ ಕೇಳಿದರೆ ಅವರಿಗೇ ನೆನಪಿರುವುದಿಲ್ಲ. ಕೆಲಸ ಇಲ್ಲಿಂದಲೇ ಶುರುವಾಗಲಿ.

ಬ್ರೌಸರ್‌ಗೆ ಸೇರಿಸಿಕೊಳ್ಳುವ ಇಂಥ ಚಿಕ್ಕ ಪ್ರೋಗ್ರಾಂಗಳಿಗೆ ಎಕ್ಸ್‌ಟೆನ್ಷನ್ ಅಂತಾರೆ. ಇವುಗಳಲ್ಲಿ ಎಷ್ಟೋ ‘ಎಲ್ಲ ವೆಬ್‌ಸೈಟ್‌ಗಳ ಮಾಹಿತಿ ಓದುತ್ತೇನೆ’ ಅಂತ ಅನುಮತಿ ಕೇಳುತ್ತವೆ. ಕೊಟ್ಟರೆ ಬ್ಯಾಂಕಿನ ಪುಟವೂ ಅವುಗಳಿಗೆ ಕಾಣುತ್ತದೆ. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯೇ ಏಟು ತಿಂದಿತು. ಎಕ್ಸ್‌ಟೆನ್ಷನ್‌ಗಳು ಸಿಗುವ ಕ್ರೋಮ್ ವೆಬ್ ಸ್ಟೋರ್‌ನವರು ಬರೆದಂತಿದ್ದ ನಕಲಿ ಮೇಲ್ ನಂಬಿ ಅಲ್ಲಿನ ಉದ್ಯೋಗಿಯೊಬ್ಬರು ಕಂಪನಿಯ ಎಕ್ಸ್‌ಟೆನ್ಷನ್ ಬದಲಿಸಲು ಕಳ್ಳರಿಗೆ ಅನುಮತಿ ಕೊಟ್ಟುಬಿಟ್ಟರು. ಕ್ರಿಸ್‌ಮಸ್ ದಿನ ಅವರ ಎಕ್ಸ್‌ಟೆನ್ಷನ್‌ನ ಕೆಟ್ಟ ಆವೃತ್ತಿ ಅಪ್‌ಡೇಟ್ ವೇಷದಲ್ಲಿ ಜನರ ಕಂಪ್ಯೂಟರಿಗೆ ಇಳಿದು ಕುಕೀ (ನೀವು ಲಾಗಿನ್ ಆಗಿದ್ದೀರಿ ಅಂತ ನೆನಪಿಡಲು ಸೈಟು ಬ್ರೌಸರ್‌ನಲ್ಲಿಡುವ ಗುರುತು) ಕದಿಯತೊಡಗಿತು. ಲಾಗಿನ್ ಆಗಿರುವ ಕುಕೀ ಕೈಗೆ ಸಿಕ್ಕರೆ ಕಳ್ಳನಿಗೆ ಸಾಮಾನ್ಯವಾಗಿ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಭದ್ರತೆ ಮಾರುವವರ ಕಥೆಯೇ ಇದು. ಅಕೌಂಟ್ಸ್‌ನವರಿಗೆ ಸುಮ್ನೆ ‘ಹುಷಾರು’ ಅಂದರೆ ಸಾಲದು, ಅಲ್ವಾ?

ಹಾಗಾಗಿ ಮೊದಲು ಒಂದು ವಾರ ಯಾರಿಗೆ ಯಾವುದು ನಿಜವಾಗಿ ಬೇಕು ಅಂತ ಬರೆದುಕೊಳ್ಳಿ. ಆಮೇಲೆ ಎಲ್ಲ ಕಂಪ್ಯೂಟರಿಗೂ ಒಂದೇ ಕಡೆಯಿಂದ ನಿಯಮ (ಪಾಲಿಸಿ) ಹಾಕುವ ವಿಂಡೋಸ್ ಗ್ರೂಪ್ ಪಾಲಿಸಿಯಲ್ಲೋ ಗೂಗಲ್ ಅಡ್ಮಿನ್ ಕನ್ಸೋಲ್‌ನಲ್ಲೋ ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ತಡೆಯಿರಿ. ಗ್ರೂಪ್ ಪಾಲಿಸಿಯಾದರೆ ಬ್ಲಾಕ್‌ಲಿಸ್ಟ್‌ನಲ್ಲಿ, ಅಂದರೆ ತಡೆಯುವವುಗಳ ಪಟ್ಟಿಯಲ್ಲಿ, ಒಂದೇ ಒಂದು ನಕ್ಷತ್ರ ಚಿಹ್ನೆ (*) ಸಾಕು, ‘ಎಲ್ಲವೂ’ ಅಂತ ಅದರರ್ಥ. ಬೇಕಾದವನ್ನು ಮಾತ್ರ ಅವುಗಳ 32 ಅಕ್ಷರದ ಐಡಿ ಕೊಟ್ಟು ಅಲೋಲಿಸ್ಟ್‌ಗೆ, ಅಂದರೆ ಬಿಡುವವುಗಳ ಪಟ್ಟಿಗೆ, ಸೇರಿಸಿ. ಆ ಪಟ್ಟಿಯೂ ಚಿಕ್ಕದಿರಲಿ. ಒಳ್ಳೆಯದೂ ಒಂದು ದಿನ ಕೆಡಬಹುದು ಅಂತ ಮೇಲೆ ನೋಡಿದೆವಲ್ಲ. ಅಲೋಲಿಸ್ಟ್‌ನಲ್ಲಿ ಇಲ್ಲದವು, ಮೊದಲೇ ಹಾಕಿಕೊಂಡಿದ್ದರೂ, ಈ ತಡೆಯಿಂದ ನಿಂತುಹೋಗುತ್ತವೆ. ವಾರದ ಪಟ್ಟಿ ಮಾಡದೆ ಹೀಗೆ ಮಾಡಿದರೆ ಬೆಳಗ್ಗೆ ಹತ್ತಕ್ಕೆ ನಿಮ್ಮ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ.

ಇನ್ನು ಕ್ರೋಮ್‌ನ ಅಪ್‌ಡೇಟ್. ಅದು ತಾನಾಗಿ ಇಳಿಯುತ್ತದೆ, ನಿಜ. ಆದರೆ ಬ್ರೌಸರ್ ಮುಚ್ಚಿ ತೆರೆಯುವ ತನಕ ಜಾರಿಗೆ ಬರುವುದಿಲ್ಲ. ನಲವತ್ತು ಟ್ಯಾಬ್ ತೆರೆದಿಟ್ಟು ತಿಂಗಳುಗಟ್ಟಲೆ ಮುಚ್ಚದವರು ಎಲ್ಲ ಆಫೀಸಿನಲ್ಲೂ ಇದ್ದಾರೆ. 2023ರ ಆಗಸ್ಟ್‌ನಿಂದ ಕ್ರೋಮ್‌ನ ಭದ್ರತಾ ಅಪ್‌ಡೇಟ್ ವಾರಕ್ಕೊಮ್ಮೆ ಬರುತ್ತಿದೆ. ರೀಲಾಂಚ್, ಅಂದರೆ ಮುಚ್ಚಿ ತೆರೆಯುವುದನ್ನು, ಕಡ್ಡಾಯ ಮಾಡುವ ಪಾಲಿಸಿಯೊಂದಿದೆ, ಅದನ್ನು ಹಾಕಿ. ಗೊಣಗಲಿ ಬಿಡಿ.

‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ’ ಅಂತ ಮೂಲೆಯಲ್ಲಿ ಪದೇ ಪದೇ ಹಾರುವ ಚೀಟಿ ಎಷ್ಟೋ ಸಲ ವೈರಸ್ಸೇ ಅಲ್ಲ, ಯಾವುದೋ ಸೈಟಿಗೆ ಕೊಟ್ಟ ನೋಟಿಫಿಕೇಶನ್ ಅನುಮತಿ. ಅದನ್ನೂ ಪಾಲಿಸಿಯಿಂದಲೇ ಬಂದ್ ಮಾಡಬಹುದು.

ಇಷ್ಟಾದ ಮೇಲೂ ಯಾರಾದರೂ ‘ಸಾರ್, ಯಾವುದೋ ಲಿಂಕ್ ಒತ್ತಿಬಿಟ್ಟೆ’ ಅಂತ ಬರುತ್ತಾರೆ. ಬೈಯಬೇಡಿ, ಬೈದರೆ ಮುಂದಿನವರು ಹೇಳುವುದೇ ಇಲ್ಲ. ಆ ಕಂಪ್ಯೂಟರಿನ ನೆಟ್ ತೆಗೆಯಿರಿ. ಬೇರೆ ಕಂಪ್ಯೂಟರಿನಿಂದ ಅವರ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿಸಿ. ಬರೀ ಪಾಸ್‌ವರ್ಡ್ ಬದಲಿಸಿದರೆ ಕದ್ದ ಕುಕೀ ಕೆಲವು ಕಡೆ ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ.