ಅಣ್ಣನ ಪಿಗ್ಮಿ, ನನ್ನ ಎಂಎಸ್ಸಿ ನರ್ಸಿಂಗ್

ಬಿಎಸ್ಸಿ ನರ್ಸಿಂಗ್ ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷ ದುಡಿದೆ. ಆ ಸಂಬಳದಲ್ಲಿ ಬಿಎಸ್ಸಿಯ ಸಾಲ ತೀರಿತು, ಅಷ್ಟೆ. ನರ್ಸಿಂಗ್ ಮಕ್ಕಳಿಗೆ ಪಾಠ ಮಾಡಬೇಕೆಂಬ ಆಸೆ ಮಾತ್ರ ಹಾಗೇ ಇತ್ತು. 2021ರ ಕೊನೆಗೆ ಎಂಎಸ್ಸಿ ಸೀಟು ಸಿಕ್ಕಿದಾಗ ನನ್ನ ಕೈಯಲ್ಲಿದ್ದದ್ದು 60 ಸಾವಿರ. ಎರಡು ವರ್ಷದ ಫೀಸು 4 ಲಕ್ಷ.

ಫೀಸಿಗಿಂತ ನನಗೆ ಹೆದರಿಕೆಯಾದದ್ದು ಸಂಬಳ ನಿಂತುಹೋಗುವುದಕ್ಕೆ. ಹಗಲೆಲ್ಲ ಕ್ಲಿನಿಕಲ್ ಪೋಸ್ಟಿಂಗ್, ರಾತ್ರಿ ಸೆಮಿನಾರಿನ ತಯಾರಿ. ನೈಟ್ ಡ್ಯೂಟಿ ಮಾಡಿಕೊಂಡು ಓದಿಬಿಡುತ್ತೇನೆ ಎಂದು ಯಾರಾದರೂ ಲೆಕ್ಕ ಹಾಕಿದ್ದರೆ ದಯವಿಟ್ಟು ಬಿಟ್ಟುಬಿಡಿ, ಆಗುವುದಿಲ್ಲ.

ಸಾಲವನ್ನು ಬೇಕೆಂದೇ 4 ಲಕ್ಷಕ್ಕೆ ನಿಲ್ಲಿಸಿದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಅಷ್ಟರವರೆಗೆ ಆಸ್ತಿ ಅಡವು ಬೇಡ, ನಮ್ಮ ಪಾಲಿನ ಹಣವನ್ನೂ ಹಾಕಬೇಕಾಗಿಲ್ಲ. ಹೆತ್ತವರು ಜೊತೆಗೆ ಸಹಿ ಹಾಕಿದರೆ ಸಾಕು. ಆದರೂ ನಾನು ಮೊದಲು ಹೋದ ಶಾಖೆಯಲ್ಲಿ ಮನೆಯ ಜಾಗದ ದಾಖಲೆ ಕೇಳಿದರು. "ಡಿಗ್ರಿ ಆಗಿದೆ, ಕೆಲಸವೂ ಉಂಟು, ಪುನಃ ಯಾಕಮ್ಮಾ ಸಾಲ?" ಎಂದರು. ಅಮ್ಮ ತಾವು ಕಟ್ಟಿದ ಬೀಡಿ ಕೊಡಲು ಬೀಡಿ ಬ್ರಾಂಚಿಗೆ ಹೋಗುವುದನ್ನು ಬಿಟ್ಟು ನನ್ನ ಜೊತೆ ಬಂದು ಅಲ್ಲಿ ಎರಡು ಗಂಟೆ ಕೂತಿದ್ದರು. ಆ ದಿನದ ಬೇಸರ ಇವತ್ತಿಗೂ ಹೋಗಿಲ್ಲ. ಆಮೇಲೆ ಶಿಕ್ಷಣ ಸಾಲಕ್ಕೆಂದೇ ಇದ್ದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ಆಗ ಅಲ್ಲಿ ಒಂದೇ ಅರ್ಜಿಯನ್ನು ಮೂರು ಬ್ಯಾಂಕಿಗೆ ಕಳಿಸಬಹುದಿತ್ತು, ಅರ್ಜಿ ಎಲ್ಲಿ ನಿಂತಿದೆ ಎಂಬುದೂ ಕಾಣುತ್ತಿತ್ತು. ಎರಡನೆಯ ಬ್ಯಾಂಕಿನವರು ಕರೆದರು. ಬಡ್ಡಿ ಶೇ. 9.

ಕೇಂದ್ರ ಸರಕಾರದ ಬಡ್ಡಿ ಸಹಾಯಧನ ನನಗೆ ಸಿಗಲಿಲ್ಲ. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಓದುವ ಅವಧಿಯ ಬಡ್ಡಿಯನ್ನು ಸರಕಾರವೇ ಕಟ್ಟುತ್ತದೆ, ಆದರೆ ಪದವಿಗೋ ಸ್ನಾತಕೋತ್ತರಕ್ಕೋ ಒಮ್ಮೆ ಮಾತ್ರ. ಬಿಎಸ್ಸಿಯಲ್ಲೇ ನಾನು ಅದನ್ನು ಪಡೆದಾಗಿತ್ತು. ಪಿಯುಸಿ ಮುಗಿದ ಕೂಡಲೇ ಇದನ್ನು ಯಾರೂ ಹೇಳುವುದಿಲ್ಲ.

ಸಾಲ ಮಂಜೂರಾಗುವ ಮೊದಲೇ ಕಾಲೇಜಿನ ಗಡುವು ಬಂತು. ಅಮ್ಮ ಮಾತಾಡದೆ ಕುತ್ತಿಗೆಯ ಸರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಕೊಂಡಿ ಸವೆದು ತೆಳ್ಳಗಾಗಿ, ಅದಕ್ಕೆ ಕೆಂಪು ನೂಲು ಸುತ್ತಿತ್ತು. ಅಡವಿಡಲು ಹೋದಾಗ ಸೊಸೈಟಿಯವರು ತೂಕ ಮಾಡುವ ಮೊದಲು ಆ ನೂಲನ್ನು ಕತ್ತರಿಸಿದರು. 40 ದಿನದಲ್ಲಿ ಬಿಡಿಸಿಕೊಂಡೆವು. ಮೊದಲೇ ಕಟ್ಟಿದ ಫೀಸನ್ನು ರಶೀದಿ ತೋರಿಸಿದರೆ ಕೊಡುತ್ತೀರಾ ಎಂದು ಬ್ಯಾಂಕಿನಲ್ಲಿ ಮುಂಚಿತವಾಗಿ ಕೇಳಿದ್ದರಿಂದ ಅದು ಸಾಧ್ಯವಾಯಿತು.

ಇನ್ನು ಬಡ್ಡಿ. ಓದು ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟಬೇಕಾಗಿಲ್ಲ, ನಿಜ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ, ಕೊನೆಗೆ ಅಸಲಿಗೆ ಸೇರುತ್ತದೆ. ಮೊದಲ ವರ್ಷ ಬ್ಯಾಂಕು ಕೊಟ್ಟದ್ದು 2 ಲಕ್ಷ, ಅದರ ಬಡ್ಡಿ 18,000. ಅಣ್ಣ ರಿಕ್ಷಾ ಓಡಿಸುತ್ತಾನೆ. "ದಿನಕ್ಕೆ ಐವತ್ತಲ್ವಾ? ನೀನು ಓದು, ಅದನ್ನು ನಾನು ನೋಡಿಕೊಳ್ತೇನೆ" ಎಂದು ಪಿಗ್ಮಿ ಶುರು ಮಾಡಿದ. ಪಿಗ್ಮಿ ನಮ್ಮೂರಿನದೇ ಕ್ರಮ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಉಳಿತಾಯದ ಹಣವನ್ನು ಮನೆಬಾಗಿಲಲ್ಲೇ ಸಂಗ್ರಹಿಸಲು ಆರಂಭಿಸಿದ್ದು. ಸಂಜೆ ಬಿ.ಸಿ. ರೋಡಿನ ರಿಕ್ಷಾ ಪಾರ್ಕಿಗೆ ಪಿಗ್ಮಿಯವರು ಬರುವಾಗ ಅಣ್ಣ ಅಂಗಿಯ ಜೇಬಿನಲ್ಲಿ ಐವತ್ತರ ನೋಟನ್ನು ಬೇರೆಯೇ ಮಡಚಿಟ್ಟಿರುತ್ತಿದ್ದ. ವರ್ಷಕ್ಕೆ 18,250 ಆಯಿತು. ಎರಡನೆಯ ವರ್ಷ ಇಡೀ 4 ಲಕ್ಷಕ್ಕೆ 36,000 ಬಡ್ಡಿ, ಪಿಗ್ಮಿ ದಿನಕ್ಕೆ ನೂರು. ಆಗಾಗಿನ ಬಡ್ಡಿಯನ್ನು ಆಗಾಗಲೇ ಕಟ್ಟುವವರಿಗೆ ಶೇ. 1 ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ. ನಾವು ವರ್ಷಕ್ಕೊಮ್ಮೆ ಕಟ್ಟಿದ್ದರಿಂದ ಅದು ತಪ್ಪಿತು. ನಿಮಗೆ ಸಾಧ್ಯವಿದ್ದರೆ ತಿಂಗಳು ತಿಂಗಳು ಕಟ್ಟಿ.

ನನ್ನ 60 ಸಾವಿರ ಬಸ್ಸು, ಯೂನಿಫಾರ್ಮು, ಪುಸ್ತಕಕ್ಕೆ ಮುಗಿಯಿತು. ಥೀಸಿಸ್ ಖರ್ಚು ಯಾವ ಫೀಸ್ ಪಟ್ಟಿಯಲ್ಲೂ ಇರುವುದಿಲ್ಲ: ಪ್ರಶ್ನಾವಳಿಯ ಜೆರಾಕ್ಸು, ಅಂಕಿಅಂಶ ನೋಡಿಕೊಡುವವರ ಹಣ, ಬೈಂಡಿಂಗ್. ಅದಕ್ಕೆ ಅಮ್ಮನ ಬೀಡಿ ಪಿಎಫ್‌ನಿಂದ ತೆಗೆದೆವು. ಆಗ ಏಳು ವರ್ಷ ಪಿಎಫ್ ಕಟ್ಟಿದವರು ಮಕ್ಕಳ ಓದಿಗೆಂದು ತಮ್ಮ ಪಾಲಿನ ಅರ್ಧದವರೆಗೆ ತೆಗೆಯಬಹುದಿತ್ತು, ವಾಪಸ್ ಕಟ್ಟಬೇಕಾಗಿರಲಿಲ್ಲ. ಬೀಡಿ ಕಟ್ಟುವ ಎಷ್ಟೋ ಅಮ್ಮಂದಿರು ಅದನ್ನು ಮಗಳ ಮದುವೆಗೆಂದೇ ಮುಟ್ಟದೆ ಇಟ್ಟಿರುತ್ತಾರೆ. ನಮ್ಮ ಅಮ್ಮನೂ ಹಾಗೇ ಇಟ್ಟಿದ್ದರು. ಓದಿಗೆ ಕೇಳಿದಾಗ ಒಂದು ದಿನ ಯೋಚಿಸಿ, ಮರುದಿನ ಬೆಳಿಗ್ಗೆ ಪಾಸ್‌ಬುಕ್ಕನ್ನು ತಂದು ಕೊಟ್ಟರು.

ಈಗ ಟ್ಯೂಟರ್ ಆಗಿದ್ದೇನೆ. ಐದು ವರ್ಷದ ಕಂತು, ತಿಂಗಳಿಗೆ ಸುಮಾರು 8,300. ಓದಿನ ಎರಡು ವರ್ಷದ ಬಡ್ಡಿ ಕಟ್ಟಿರದಿದ್ದರೆ ಅಸಲಿಗೆ 54,000 ಸೇರಿರುತ್ತಿತ್ತು. ಅಣ್ಣನ ಪಿಗ್ಮಿ ಪುಸ್ತಕ ಇನ್ನೂ ನಡೆಯುತ್ತಿದೆ. ಈಗ ದಿನದ ನೂರು ರೂಪಾಯಿ ನನ್ನದು, ರಿಕ್ಷಾದ ಇನ್ಶೂರೆನ್ಸಿಗೆ.