ಎಸ್‌ಎಫ್‌ಪಿ ಮಾಡ್ಯೂಲ್ ಕೊಳ್ಳುವ ಮೊದಲು ಕೇಬಲ್ ಮೇಲಿನ ಅಕ್ಷರ ಓದಿ

ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನ ಒಂದು ಬದಿಯಲ್ಲಿ ಚೌಕಾಕಾರದ ಖಾಲಿ ಗೂಡುಗಳಿರುತ್ತವೆ ಅಲ್ವಾ? ಎಸ್‌ಎಫ್‌ಪಿ ಎಂಬ ಬೆರಳುದ್ದದ ಲೋಹದ ಮಾಡ್ಯೂಲ್ ಕೂರುವುದು ಅಲ್ಲೇ. ಸ್ವಿಚ್‌ನ ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ ಫೈಬರ್‌ಗೆ (ಗಾಜಿನ ಎಳೆಯ ಕೇಬಲ್‌ಗೆ) ಬಿಡುವುದು, ಬಂದ ಬೆಳಕನ್ನು ಮತ್ತೆ ವಿದ್ಯುತ್ ಆಗಿಸುವುದು ಇದರ ಕೆಲಸ. ತುಂಬಾ ಜನ ಮೊದಲು ಮಾಡ್ಯೂಲ್ ತಂದು ಆಮೇಲೆ ಕೇಬಲ್ ಕಡೆ ನೋಡುತ್ತಾರೆ. ತಪ್ಪಾಗುವುದೇ ಅಲ್ಲಿ.

ಮೊದಲು ಫೈಬರ್ ಯಾವುದು ಅಂತ ತಿಳಿಯಿರಿ. ಹಳದಿ ಕವಚ ಸಾಮಾನ್ಯವಾಗಿ ಸಿಂಗಲ್ ಮೋಡ್, ಅಂದರೆ ದೂರಕ್ಕೆ ಬಳಸುವ ತೆಳು ತಿರುಳಿನ ಫೈಬರ್. ಕಿತ್ತಳೆ ಅಥವಾ ತಿಳಿ ನೀಲಿ-ಹಸಿರು ಮಲ್ಟಿಮೋಡ್, ಅಂದರೆ ಹತ್ತಿರಕ್ಕೆ ಬಳಸುವ ದಪ್ಪ ತಿರುಳಿನದು. ಬಣ್ಣವನ್ನಷ್ಟೇ ನಂಬಬೇಡಿ, ಕವಚದ ಮೇಲೆ ಅಚ್ಚಾದ ಸಾಲು ಓದಿ. 9/125 ಅಂತಿದ್ದರೆ ಸಿಂಗಲ್ ಮೋಡ್. 50/125 ಅಥವಾ 62.5/125 ಅಂತಿದ್ದರೆ ಮಲ್ಟಿಮೋಡ್. ಮೊದಲ ಅಂಕಿ ಬೆಳಕು ಸಾಗುವ ಗಾಜಿನ ತಿರುಳಿನ ದಪ್ಪ, ಮೈಕ್ರಾನ್ ಲೆಕ್ಕದಲ್ಲಿ.

ಎರಡನೆಯದು ವೇಗ. ಬರೀ ಎಸ್‌ಎಫ್‌ಪಿ ಅಂದರೆ ಸೆಕೆಂಡಿಗೆ 1 ಗಿಗಾಬಿಟ್, ಎಸ್‌ಎಫ್‌ಪಿ ಪ್ಲಸ್ 10, ಎಸ್‌ಎಫ್‌ಪಿ28 ಅಂದರೆ 25. ಮೂರರ ಅಳತೆಯೂ ಒಂದೇ, ಹಾಗಾಗಿ ಯಾವುದನ್ನು ಎಲ್ಲಿ ತುರುಕಿದರೂ ಒಳಗೆ ಹೋಗುತ್ತದೆ. 10 ಗಿಗಾಬಿಟ್ ಗೂಡಿನಲ್ಲಿ 1 ಗಿಗಾಬಿಟ್ ಮಾಡ್ಯೂಲ್ ಬಹಳಷ್ಟು ಸ್ವಿಚ್‌ಗಳಲ್ಲಿ ನಡೆಯುತ್ತದೆ, ಕೆಲವದರಲ್ಲಿ ವೇಗವನ್ನು ನಾವೇ ಇಳಿಸಿಡಬೇಕು. 1 ಗಿಗಾಬಿಟ್ ಗೂಡಿನಲ್ಲಿ 10 ಗಿಗಾಬಿಟ್ ಮಾಡ್ಯೂಲ್ ಮಾತ್ರ ನಡೆಯುವುದಿಲ್ಲ.

ಆಮೇಲೆ ದೂರ. 10 ಗಿಗಾಬಿಟ್‌ನಲ್ಲಿ ಕಡಿಮೆ ದೂರದ ಎಸ್‌ಆರ್ ಮಾಡ್ಯೂಲ್ ಮಲ್ಟಿಮೋಡ್‌ಗೆ: ಓಎಂ3 ದರ್ಜೆಯ ಫೈಬರ್‌ನಲ್ಲಿ 300 ಮೀಟರ್, ಓಎಂ4ನಲ್ಲಿ 400. ಎಲ್‌ಆರ್ ಸಿಂಗಲ್ ಮೋಡ್‌ಗೆ, 10 ಕಿಲೋಮೀಟರ್. ಇಆರ್ 40 ಕಿಲೋಮೀಟರ್. ಜಾಸ್ತಿ ದೂರದ್ದೇ ಇರಲಿ ಅಂತ ಪಕ್ಕದ ಕೋಣೆಗೆ ಇಆರ್ ಹಾಕಬೇಡಿ. ಹತ್ತಿರದಿಂದ ಕಣ್ಣಿಗೆ ಟಾರ್ಚ್ ಬಿಟ್ಟ ಹಾಗಾಗುತ್ತದೆ, ಬೆಳಕು ಹಿಡಿಯುವ ಭಾಗ ಹಾಳಾಗಲೂಬಹುದು. ಹಾಕಲೇಬೇಕಾದರೆ ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಇರಲಿ. ಎಲ್‌ಆರ್‌ಗೆ ಈ ತಂಟೆಯಿಲ್ಲ, 2 ಮೀಟರ್‌ಗೂ ಸಲೀಸು.

ಎರಡೂ ಸ್ವಿಚ್ ಒಂದೇ ರ‍್ಯಾಕ್‌ನಲ್ಲಿದ್ದರೆ ಫೈಬರ್ ಸುಮ್ನೆ ಖರ್ಚು. ತುದಿಗಳಲ್ಲಿ ಮಾಡ್ಯೂಲ್ ಅಂಟಿಕೊಂಡೇ ಬರುವ ತಾಮ್ರದ ಡ್ಯಾಕ್ ಕೇಬಲ್ ಸಾಕು. ಮಾಮೂಲಿ ಈಥರ್‌ನೆಟ್ ಕೇಬಲ್ ಚುಚ್ಚುವ 10 ಗಿಗಾಬಿಟ್ ಮಾಡ್ಯೂಲೂ ಸಿಗುತ್ತದೆ. ಆದರೆ ಅದು ಚೆನ್ನಾಗಿ ಬಿಸಿಯಾಗುತ್ತದೆ. ಅಕ್ಕಪಕ್ಕದ ಗೂಡುಗಳಲ್ಲೆಲ್ಲ ಅದನ್ನೇ ತುಂಬಬೇಡಿ.

ಒಂದೇ ಎಳೆಯಲ್ಲಿ ಎರಡೂ ದಿಕ್ಕಿಗೆ ಕೆಲಸ ಮಾಡುವ ಬೈಡಿ ಮಾಡ್ಯೂಲ್ ತರುವಾಗ ಎಚ್ಚರ. ನಾನೊಮ್ಮೆ ಒಂದೇ ಥರದ ಎರಡು ತಂದು ಅರ್ಧ ದಿನ ಒದ್ದಾಡಿದ್ದೆ. ಫೈಬರ್ ಬದಲಿಸಿದೆ, ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ, ಗೂಡಿನ ಪಕ್ಕದ ಸಂಪರ್ಕ ದೀಪ ಹತ್ತಲೇ ಇಲ್ಲ. ಕೊನೆಗೆ ಎರಡನ್ನೂ ಹೊರಗೆಳೆದು ಲೇಬಲ್ ನೋಡಿದರೆ, ಎರಡರಲ್ಲೂ ಟಿಎಕ್ಸ್ (ಕಳಿಸುವ ಬೆಳಕು) 1310, ಆರ್‌ಎಕ್ಸ್ (ಪಡೆಯುವ ಬೆಳಕು) 1490! ಈ ಅಂಕಿಗಳು ಬೆಳಕಿನ ತರಂಗಾಂತರ, ನ್ಯಾನೋಮೀಟರ್ ಲೆಕ್ಕದಲ್ಲಿ. ಎರಡೂ 1310ರಲ್ಲಿ ಕಳಿಸುತ್ತಿದ್ದವು, 1490ಕ್ಕೆ ಕಾಯುತ್ತಿದ್ದವು. ಒಂದು ತುದಿಯಲ್ಲಿ ಟಿಎಕ್ಸ್ 1310 ಇದ್ದರೆ ಇನ್ನೊಂದರಲ್ಲಿ ಟಿಎಕ್ಸ್ 1490 ಇರಲೇಬೇಕು.

ಇನ್ನು ಕಂಪನಿ ಹೆಸರಿನ ಕಿರಿಕಿರಿ. ಪ್ರತಿ ಮಾಡ್ಯೂಲ್‌ನೊಳಗೂ ತಯಾರಕರ ವಿವರವಿರುವ ಪುಟ್ಟ ಚಿಪ್ ಇರುತ್ತದೆ. ಕೆಲವು ಸ್ವಿಚ್‌ಗಳು ಅದನ್ನು ಓದಿ, ತಮ್ಮದಲ್ಲ ಅಂತ ಗೊತ್ತಾದರೆ ಗೂಡನ್ನೇ ಬಂದ್ ಮಾಡುತ್ತವೆ. ಹಾಗಾಗಿ ಆರ್ಡರ್ ಕೊಡುವಾಗ ಎರಡೂ ಸ್ವಿಚ್‌ಗಳ ಮಾದರಿ ಹೇಳಿ. ಎರಡು ತುದಿಯ ಮಾಡ್ಯೂಲ್‌ಗಳು ಒಂದೇ ಕಂಪನಿಯದ್ದಾಗಬೇಕಿಲ್ಲ, ಎರಡೂ ಎಲ್‌ಆರ್ ಅಥವಾ ಎರಡೂ ಎಸ್‌ಆರ್ ಆಗಿದ್ದರೆ ಸಾಕು.

ಜೋಡಿಸುವ ಹೊತ್ತಿಗಷ್ಟೇ ಧೂಳಿನ ಮುಚ್ಚಳ ತೆಗೆಯಿರಿ. ಬೆಳಕು ಬರ್ತಿದೆಯಾ ಅಂತ ಒಳಗೆ ಇಣುಕಬೇಡಿ. ಈ ಲೇಸರ್ ಕಣ್ಣಿಗೆ ಕಾಣದಿದ್ದರೂ ಕಣ್ಣಿಗೆ ಅಪಾಯ. ದೀಪ ಹತ್ತದಿದ್ದರೆ ಎರಡು ಎಳೆಯ ಫೈಬರ್ ಆದರೆ ಒಂದು ತುದಿಯಲ್ಲಿ ಕಳಿಸುವ, ಪಡೆಯುವ ಎಳೆಗಳನ್ನು ಅದಲು ಬದಲು ಮಾಡಿ ನೋಡಿ. ಆಮೇಲೂ ಆಗದಿದ್ದರೆ ಸ್ವಿಚ್‌ನಲ್ಲಿ ಆರ್‌ಎಕ್ಸ್ ಪವರ್, ಅಂದರೆ ಬಂದು ಸೇರುವ ಬೆಳಕಿನ ಬಲ (ಡಿಬಿಎಂ ಲೆಕ್ಕದಲ್ಲಿ) ಓದಿ. 10 ಗಿಗಾಬಿಟ್ ಎಲ್‌ಆರ್‌ನಲ್ಲಿ ಅದು ಮೈನಸ್ 14.4 ಡಿಬಿಎಂಗಿಂತ ಕೆಳಗಿದ್ದರೆ ಬರುತ್ತಿರುವ ಬೆಳಕು ಸಾಲದು. ಹೊಸ ಮಾಡ್ಯೂಲ್‌ಗೆ ದುಡ್ಡು ಹಾಕುವ ಮೊದಲು ಕನೆಕ್ಟರ್‌ನ ತುದಿ ಒರೆಸಿ ನೋಡಿ.